ರಷ್ಯಾ ಬಿಟ್ಟ ಮೇಲೆ ರಾಖ್ಮನಿನೋವ್ ಅಷ್ಟು ಕಡಿಮೆ ಬರೆದದ್ದೇಕೆ?

ಪಿಯಾನೊ ಸಂಗೀತದ ಮಾತು ಬಂದಾಗೆಲ್ಲ ಯಾರಾದರೂ ಕೇಳಿಯೇ ಕೇಳುವ ಪ್ರಶ್ನೆ ಇದು. 1917ರೊಳಗೆ ಓಪಸ್ (ಕೃತಿಗೆ ಕೊಡುವ ಕ್ರಮಸಂಖ್ಯೆ) 39ರವರೆಗೆ ಬರೆದು ಮುಗಿಸಿದ್ದ ರಷ್ಯದ ಸಂಗೀತ ರಚನಕಾರ, ಪಿಯಾನೊ ವಾದಕ ಸೆರ್ಗೆಯ್ ರಾಖ್ಮನಿನೋವ್, ಆಮೇಲಿನ 25 ವರ್ಷಗಳಲ್ಲಿ ಓಪಸ್ ಸಂಖ್ಯೆ ಹಾಕಿದ್ದು ಬರೀ ಆರು ಕೃತಿಗಳಿಗೆ. ಊರಿನ ಹಂಬಲ ಆತನ ಲೇಖನಿಯನ್ನು ಒಣಗಿಸಿತು ಅನ್ನುವುದು ಸಿದ್ಧ ಉತ್ತರ. ಸುಳ್ಳೇನಲ್ಲ. ಆದರೆ ನನಗೆ ಅದಕ್ಕಿಂತ ದೊಡ್ಡ ಕಾರಣ ಕಾಣುವುದು ಆತನ ಕ್ಯಾಲೆಂಡರ್‌ನಲ್ಲಿ.

1917ರ ಡಿಸೆಂಬರ್‌ನಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳೊಂದಿಗೆ ದೇಶ ಬಿಟ್ಟಾಗ ಆತನಿಗೆ 44. ರಷ್ಯಾದ ಹಳ್ಳಿ ಇವಾನೋವ್ಕಾದಲ್ಲಿದ್ದ ಜಮೀನು ಕೈತಪ್ಪಿತ್ತು. ಅಮೆರಿಕದ ಆರ್ಕೆಸ್ಟ್ರಾಗಳು ನಿರ್ದೇಶಕನಾಗಿ ಕರೆದರೂ ಒಪ್ಪದೆ ಪಿಯಾನೊ ಹಿಡಿದ. ಅಲ್ಲಿವರೆಗೆ ವೇದಿಕೆಯಲ್ಲಿ ನುಡಿಸಿದ್ದು ಹೆಚ್ಚಾಗಿ ಸ್ವಂತ ಕೃತಿಗಳನ್ನೇ. ಈಗ ಬೀಥೋವನ್, ಶೋಪಾನ್, ಲಿಸ್ಟ್ ಎಲ್ಲವೂ ಬೆರಳಿಗೆ ಬರಬೇಕು, ಅದೂ ಪುಸ್ತಕ ನೋಡದೆ. ನಮ್ಮ ಕಛೇರಿಯಲ್ಲಾದರೆ ಕೈ ಸೋತ ದಿನ ಆಲಾಪನೆಯನ್ನು ಮೊಟಕು ಮಾಡಿ ಮುಂದೆ ಹೋಗಬಹುದು. ಇಲ್ಲಿ ಪ್ರತಿ ಸ್ವರವೂ ಬರೆದಿಟ್ಟದ್ದು, ಕೇಳಲು ಕೂತವರಲ್ಲಿ ಎಷ್ಟೋ ಮಂದಿಗೆ ಅದು ಗೊತ್ತು.

ಆತನ ಸಾಧನೆಯ ರೀತಿ ನೋಡಿ. ಒಮ್ಮೆ ಪಿಯಾನೊ ವಾದಕ ಏಬ್ರಮ್ ಚೇಸಿನ್ಸ್ ಬಾಗಿಲಾಚೆ ನಿಂತು ಕೇಳಿದರೆ, ಒಳಗೆ ಬರುತ್ತಿರುವುದು ಯಾವ ಕೃತಿ ಅಂತಲೇ ತಿಳಿಯಲಿಲ್ಲವಂತೆ. ಅದು ಶೋಪಾನ್‌ನ ಓಪಸ್ 25ರ 6ನೇ ಎಟ್ಯೂಡ್, ಅಂದರೆ ಬೆರಳಿನ ಚಳಕ ಬೆಳೆಸಲು ಬರೆದ ಪುಟ್ಟ ಕೃತಿ. ವೇದಿಕೆಯ ಮೇಲೆ ಸುಮಾರು ಎರಡು ನಿಮಿಷದಲ್ಲಿ ಮುಗಿಯುವಂಥದ್ದು. ರಾಖ್ಮನಿನೋವ್ ಒಂದೊಂದು ಬಾರ್‌ಗೆ (ತಾಳದ ಒಂದು ಆವರ್ತದಂಥ ತುಣುಕಿಗೆ) 20 ಸೆಕೆಂಡ್ ತೆಗೆದುಕೊಳ್ಳುತ್ತಿದ್ದ! ಆ ಎಟ್ಯೂಡ್‌ನಲ್ಲಿ ಬಲಗೈ ಒಂದೇ ಕಾಲಕ್ಕೆ ಎರಡೆರಡು ಸ್ವರ ಒತ್ತುತ್ತ ಓಡಬೇಕು. ಉಂಗುರ ಬೆರಳು, ಕಿರುಬೆರಳು ಸ್ವಭಾವತಃ ಸೋಮಾರಿಗಳು. ವೇಗದಲ್ಲಿ ಮೇಲಿನ ಸ್ವರ ಕೂದಲೆಳೆಯಷ್ಟು ಹಿಂದೆ ಬಿದ್ದು ಜೋಡಿ ಒಡೆಯುತ್ತದೆ. ವೇಗದಲ್ಲೇ ಸಾಧನೆ ಮಾಡಿದರೆ ಆ ತಪ್ಪು ಕಿವಿಗೆ ಬೀಳದೆ ಗಟ್ಟಿಯಾಗುತ್ತದೆ.

ಇಂಥ ಸಾಧನೆಯ ಜೊತೆಗೆ ಪ್ರಯಾಣ. ಅಮೆರಿಕದ ಮೊದಲ ಋತುವಿನಲ್ಲಿ ನಾಲ್ಕು ತಿಂಗಳಿಗೆ ಸುಮಾರು 40 ಕಛೇರಿ. 1922-23ರಲ್ಲಿ ಐದು ತಿಂಗಳಿಗೆ 71. ಬರೆಯಲು ಉಳಿಯುತ್ತಿದ್ದದ್ದು ಬೇಸಿಗೆ ಮಾತ್ರ. ರಜೆ ಎಲ್ಲಿ ಸಿಕ್ಕಿತೋ ಕೃತಿ ಅಲ್ಲೇ ಹುಟ್ಟಿದೆ: 1926ರಲ್ಲಿ ತಿಂಗಳುಗಟ್ಟಲೆ ಕಛೇರಿ ಬಿಟ್ಟಾಗ ನಾಲ್ಕನೆಯ ಕನ್ಸರ್ಟೊ (ಪಿಯಾನೊ ಮತ್ತು ಆರ್ಕೆಸ್ಟ್ರಾಕ್ಕೆ ಬರೆದ ದೊಡ್ಡ ಕೃತಿ), ಮೂರು ರಷ್ಯನ್ ಹಾಡುಗಳು, 1934ರ ಜುಲೈ-ಆಗಸ್ಟ್‌ನಲ್ಲಿ, ಸ್ವಿಟ್ಜರ್ಲೆಂಡಿನ ಸೆನಾರ್ ಮನೆಯಲ್ಲಿ, ಏಳು ವಾರದೊಳಗೆ ಪಿಯಾನೊ-ಆರ್ಕೆಸ್ಟ್ರಾ ಕೃತಿಯಾದ ಪಗಾನಿನಿ ರ‍್ಯಾಪ್ಸಡಿ. ಹಂಬಲವೊಂದೇ ಕಾರಣವಾಗಿದ್ದರೆ ಸರೋವರದ ದಂಡೆಯಲ್ಲಿ ಅದು ಏಳು ವಾರಕ್ಕೆ ಮಾಯವಾಯಿತೇ? ನಡುನಡುವೆ ಕ್ರೈಸ್ಲರ್, ಮೆಂಡೆಲ್ಸನ್, ಬಾಖ್‌ರ ಕೃತಿಗಳನ್ನು ಪಿಯಾನೊಗೆ ಅಳವಡಿಸಿದ. ಅವು ವೇದಿಕೆಗೆ ಬೇಕಾದ ಸರಕು.

ಕಷ್ಟಪಟ್ಟು ಬರೆದದ್ದಕ್ಕೆ ಸಿಕ್ಕ ಮರ್ಯಾದೆಯೂ ಅಷ್ಟಕ್ಕಷ್ಟೆ. ನಾಲ್ಕನೆಯ ಕನ್ಸರ್ಟೊವನ್ನು 1927ರಲ್ಲಿ ವಿಮರ್ಶಕರು ಹಳಿದರು. 1941ರವರೆಗೂ ಕತ್ತರಿಸಿ ತಿದ್ದುತ್ತಲೇ ಇದ್ದ. 1931ರ ಕೊರೆಲಿ ವೇರಿಯೇಷನ್ಸ್ (ಒಂದೇ ಧಾಟಿಯನ್ನು ಇಪ್ಪತ್ತು ಬಗೆಯಲ್ಲಿ ಬದಲಿಸಿ ಬರೆದ ಪಿಯಾನೊ ಕೃತಿ) ಕಥೆ ಇನ್ನೂ ಮಜವಾದದ್ದು. ಸಭಿಕರ ಕೆಮ್ಮು ಜಾಸ್ತಿಯಾದರೆ ಮುಂದಿನ ವೇರಿಯೇಷನ್ ಹಾರಿಸಿಬಿಡುತ್ತೇನೆ ಎಂದು ಗೆಳೆಯ, ಸಂಗೀತ ರಚನಕಾರ ಮೆಟ್ನರ್‌ಗೆ ಪತ್ರ ಬರೆದಿದ್ದ. ಒಂದು ಸಣ್ಣ ಊರಿನಲ್ಲಿ ಇಪ್ಪತ್ತರಲ್ಲಿ ಹತ್ತೇ ನುಡಿಸಿದ್ದನಂತೆ. ನ್ಯೂಯಾರ್ಕಿನಲ್ಲಿ ಹದಿನೆಂಟು, ಅದೇ ದಾಖಲೆ.

ಕೊನೆಯ ಕೃತಿ ಸಿಂಫನಿಕ್ ಡಾನ್ಸಸ್ ಕೂಡ 1940ರ ಬೇಸಿಗೆಯದ್ದೇ, ಲಾಂಗ್ ಐಲೆಂಡಿನಲ್ಲಿ ಬರೆದದ್ದು. ಆದರೆ ಅದನ್ನು ಆರ್ಕೆಸ್ಟ್ರಾದ ವಾದ್ಯಗಳಿಗೆ ಹಂಚಿ ಬರೆಯುವ ಕೆಲಸ ಬೇಸಿಗೆಯೊಳಗೆ ಮುಗಿಯಲಿಲ್ಲ. ಅದು ಮುಗಿದದ್ದು ಅಕ್ಟೋಬರ್ 29ಕ್ಕೆ, ಹೊಸ ಕಛೇರಿ ಋತುವಿನ ಗಡಿಬಿಡಿಯಲ್ಲಿ.