ವಿಂಟರ್‌ಫೆಲ್‌ನ ಆ ಒಂದು ಕುರ್ಚಿ

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. 1996ರಲ್ಲಿ ಬಂದ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಾದಂಬರಿ ‘ಎ ಗೇಮ್ ಆಫ್ ಥ್ರೋನ್ಸ್’ ಮತ್ತೆ ತೆಗೆದು ಕೂತೆ.

ಅದರಲ್ಲಿ ವಿಂಟರ್‌ಫೆಲ್ ಕೋಟೆಯನ್ನು ಆಳುವ ಸ್ಟಾರ್ಕ್ ಮನೆತನ ಅಂದ್ರೆ ಎಲ್ಲರಿಗೂ ನೆನಪಾಗೋದು ಕತ್ತಿ. ಮರಣದಂಡನೆ ಹೇಳಿದವನೇ ಕತ್ತಿ ಬೀಸಬೇಕು, ತಲೆ ಕಡಿಯೋಕೆ ಬೇರೆಯವನನ್ನು ಇಟ್ಟುಕೊಳ್ಳುವಂತಿಲ್ಲ. ಆ ಮನೆಯ ಏಳು ವರ್ಷದ ಹುಡುಗ ಬ್ರಾನ್ ಕೂಡ ಕಣ್ಣು ತಿರುಗಿಸದೆ ನೋಡಬೇಕು. ಸತ್ತ ದೊರೆಗಳ ಕಲ್ಲಿನ ಮೂರ್ತಿಗಳ ತೊಡೆಯ ಮೇಲೂ ಕಬ್ಬಿಣದ ಕತ್ತಿ, ಆತ್ಮ ಎದ್ದು ಅಲೆಯದಿರಲಿ ಅಂತ.

ಆದರೆ ನನ್ನ ಮನಸ್ಸು ನಿಂತಿದ್ದು ಒಂದು ಕುರ್ಚಿಯ ಹತ್ತಿರ. ಮನೆಯ ಯಜಮಾನ ನೆಡ್ ಸ್ಟಾರ್ಕ್ ಊಟಕ್ಕೆ ಕೂತಾಗ ತನ್ನ ಮೇಜಿನಲ್ಲಿ ಒಂದು ಜಾಗ ಜಾಸ್ತಿ ಇಡಿಸುತ್ತಾನೆ. ದಿನಕ್ಕೊಬ್ಬರಿಗೆ ಅದು. ಒಂದು ರಾತ್ರಿ ಮನೆಯ ಲೆಕ್ಕ ನೋಡುವವನು ಬಂದರೆ ದುಡ್ಡು, ದವಸದ ಮಾತು. ಇನ್ನೊಂದು ರಾತ್ರಿ ಕಮ್ಮಾರ ಮಿಕ್ಕೆನ್ ಬಂದರೆ ಕುಲುಮೆ ಎಷ್ಟು ಕಾಯಬೇಕು ಅನ್ನೋ ಮಾತು. ನೆಡ್‌ನ ಪುಟ್ಟ ಮಗಳು ಆರ್ಯ ಎಲ್ಲವನ್ನೂ ಕೇಳಿಸಿಕೊಂಡು ಬೆಳೆಯುತ್ತಾಳೆ. ಎಂಥ ಚೆಂದದ ಪದ್ಧತಿ ಅಲ್ವಾ! ನನಗಂತೂ ಕತ್ತಿಗಿಂತ ಇದೇ ದೊಡ್ಡದು ಅನಿಸಿತು.

ನಮ್ಮ ಬಿಲ್ಡಿಂಗ್ ವಾಚ್‌ಮನ್ ಅಣ್ಣನ ಊರು ಯಾವುದು ಅಂತ ನಾನು ಕೇಳೇ ಇರಲಿಲ್ಲ. ಬೆಳಗ್ಗೆ ಕಾಫಿ ಕೊಟ್ಟು ಕೇಳಿದೆ. ಲೋಟ ಕೈಯಲ್ಲೇ ಹಿಡಿದುಕೊಂಡು ತುಂಬ ಹೊತ್ತು ಅವರ ಹೊಲ, ಈ ಸಲದ ಮಳೆ ಬಗ್ಗೆ ಹೇಳಿದರು.