ಇಷ್ಟುದ್ದ ಟ್ಯಾಂಕಿಗೆ ಎರಡೇ ಸ್ಯಾಡಲ್ಲಾ?

ಪ್ರೆಷರ್ ವೆಸೆಲ್ (ಒತ್ತಡದಲ್ಲಿ ಅನಿಲ, ದ್ರವ ತುಂಬಿಡುವ ಟ್ಯಾಂಕು) ಡಿಸೈನ್ ಮಾಡ್ತೀನಿ ಅಂದ ಕೂಡಲೇ ಬರುವ ಪ್ರಶ್ನೆ ಇದು. ಸ್ಯಾಡಲ್ ಅಂದರೆ ಅಡ್ಡ ಟ್ಯಾಂಕನ್ನು ಕೆಳಗಿನಿಂದ ತಬ್ಬಿ ಹೊರುವ ಆಸರೆ. ಹೊಸದಾಗಿ ಸೇರಿದ ಹುಡುಗರು ಕೇಳುತ್ತಾರೆ. ಅಡ್ಡ ಮಲಗಿಸಿದ ಎಲ್‌ಪಿಜಿ ಬುಲೆಟ್ (ಉದ್ದನೆಯ ಗ್ಯಾಸ್ ಟ್ಯಾಂಕು) ನೋಡಿದ ನಮ್ಮ ಭಾವನೂ ಕೇಳಿದ್ದರು: "ನಡುವೆ ಇನ್ನೊಂದು ಕೊಟ್ಟರೆ ಗಟ್ಟಿ ಅಲ್ವಾ?"

ಅಲ್ಲ. ಒಂದು ಹಲಗೆಯನ್ನು ಎರಡು ಇಟ್ಟಿಗೆ ಮೇಲಿಡಿ. ಯಾವುದಕ್ಕೆ ಎಷ್ಟು ಭಾರ ಅಂತ ಲೆಕ್ಕ ಸಿಗುತ್ತದೆ. ಒಂದು ಸ್ವಲ್ಪ ಕುಸಿದರೂ ಲೆಕ್ಕ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಈಗ ನಡುವೆ ಮೂರನೆಯದು ತುರುಕಿ. ಅದು ಚೂರು ಎತ್ತರವಾದರೆ ಭಾರವೆಲ್ಲ ಅದಕ್ಕೇ. ತಗ್ಗಾದರೆ ಇದ್ದೂ ಇಲ್ಲದ ಹಾಗೆ. ವೆಸೆಲ್ ಅಂತೂ ಹಲಗೆಯ ಹಾಗೆ ಬಗ್ಗಿ ಹೊಂದಿಕೊಳ್ಳುವುದಿಲ್ಲ. ಫೌಂಡೇಶನ್ ಕೆಲವು ಮಿಲಿಮೀಟರ್ ಇಳಿದರೂ ಕಾಗದದ ಮೇಲಿನ ಲೆಕ್ಕ ಕೆಟ್ಟಿತು.

ಹಾಗಾಗಿ ಎರಡು. ಅವನ್ನು ಆದಷ್ಟು ತುದಿಯ ಡಿಶ್‌ಗಳ (ಉಬ್ಬಿದ ಮುಚ್ಚಳಗಳ) ಹತ್ತಿರ ಇಡುತ್ತೇವೆ, ಡಿಶ್ ಪಕ್ಕದಲ್ಲಿದ್ದರೆ ಶೆಲ್, ಅಂದರೆ ಟ್ಯಾಂಕಿನ ಗೋಡೆ, ಅಲ್ಲಿ ಸುಲಭಕ್ಕೆ ಆಕಾರ ಕೆಡಿಸಿಕೊಳ್ಳುವುದಿಲ್ಲ. ಈ ಲೆಕ್ಕಕ್ಕೆ 1951ರಲ್ಲಿ ಅಮೆರಿಕದ ಎಂಜಿನಿಯರ್ ಝಿಕ್ ಹಾಕಿಕೊಟ್ಟ ದಾರಿಯನ್ನೇ ಇವತ್ತಿಗೂ ಹಿಡಿಯುತ್ತೇವೆ.

ನಡುಭಾಗ ಜೋತುಬೀಳುತ್ತೆ ಅಂತ ಎಲ್ಲರಿಗೂ ಭಯ. ನನ್ನ ಕಣ್ಣು ಹೋಗುವುದು ಬೇರೆ ಕಡೆ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಅನ್ನು ಅಂಗೈ ಮೇಲೆ ಅಡ್ಡ ಮಲಗಿಸಿ. ಅಂಗೈ ಮುಗಿಯುವ ಅಂಚಿನಲ್ಲೇ ಅದು ಮಡಚಿಕೊಳ್ಳುತ್ತದೆ. ಸ್ಯಾಡಲ್‌ನ ಮೇಲ್ತುದಿಗೆ ಹಾರ್ನ್ ಅಂತೀವಿ, ಶೆಲ್ ಜಾಸ್ತಿ ನರಳುವುದು ಅಲ್ಲೇ. ಅದಕ್ಕೇ ಸ್ಯಾಡಲ್ ಸಾಮಾನ್ಯವಾಗಿ ಕನಿಷ್ಠ 120 ಡಿಗ್ರಿಯಷ್ಟು ಸುತ್ತ ತಬ್ಬಿರಬೇಕು. ಸ್ಯಾಡಲ್‌ಗೂ ಶೆಲ್‌ಗೂ ನಡುವೆ ವೇರ್ ಪ್ಲೇಟ್ ಅನ್ನುವ ಒಂದು ಹೆಚ್ಚುವರಿ ತಗಡು ಹಾಕಿ, ಅದನ್ನು ಹಾರ್ನ್ ದಾಟಿ ಸ್ವಲ್ಪ ಮೇಲಕ್ಕೆ ಬಿಡುತ್ತೇವೆ.

ಭಾರ ಎಷ್ಟು ಅನ್ನುವುದರಲ್ಲೂ ಜನ ಎಡವುತ್ತಾರೆ. 3 ಮೀಟರ್ ವ್ಯಾಸ, 12 ಮೀಟರ್ ಉದ್ದದ ಬುಲೆಟ್ ಅಂದುಕೊಳ್ಳಿ. ಶೇ. 85 ತುಂಬಿದರೆ ಒಳಗಿನ ಎಲ್‌ಪಿಜಿ 40 ಟನ್‌ನ ಆಸುಪಾಸು. ಹೈಡ್ರೋಟೆಸ್ಟ್ (ನೀರು ತುಂಬಿ ಒತ್ತಡ ಕೊಟ್ಟು ಮಾಡುವ ಪರೀಕ್ಷೆ) ದಿನ ಅಂಚಿನವರೆಗೆ ನೀರು, ಹೆಚ್ಚುಕಮ್ಮಿ 85 ಟನ್! ಒಂದೇ ದಿನದ ಭಾರ ತಾನೇ ಅಂತ ಬಿಡೋ ಹಾಗಿಲ್ಲ.

ಇನ್ನೊಂದು ಮಾತು. ಎರಡರಲ್ಲಿ ಒಂದು ಸ್ಯಾಡಲ್ ಮಾತ್ರ ಬಿಗಿ, ಇನ್ನೊಂದು ಜಾರಬೇಕು. ಸ್ಯಾಡಲ್‌ಗಳ ನಡುವೆ 8 ಮೀಟರ್ ಇದ್ದು ಬಿಸಿ 100 ಡಿಗ್ರಿ ಏರಿದರೆ ಉಕ್ಕು ಸುಮಾರು 10 ಮಿಲಿಮೀಟರ್ ಬೆಳೆಯುತ್ತದೆ. ಅದಕ್ಕೇ ಆ ಕಡೆಯ ಬೋಲ್ಟ್ ತೂತು ಉದ್ದಕ್ಕಿರುತ್ತದೆ.

ಒಂದು ಸೈಟಿನಲ್ಲಿ ಬಿಸಿ ಎಣ್ಣೆಯ ವೆಸೆಲ್ ನೋಡಲು ಹೋಗಿದ್ದೆ. ಎರಡೂ ಕಡೆ ನಟ್ಟು ಒಂದೇ ಸಮ ಬಿಗಿದಿತ್ತು. ಉದ್ದ ತೂತಿನ ಮೇಲೆ ಎರಡು ಕೋಟ್ ಪೇಂಟು ಬೇರೆ. ಫಿಟ್ಟರ್ ಹೆಮ್ಮೆಯಿಂದ ಹೇಳಿದ: "ಸಾರ್, ಈ ಕಡೆ ಲೂಸ್ ಇತ್ತು, ನಾನೇ ಟೈಟ್ ಮಾಡಿದೆ." ಸ್ಪಾನರ್ ಈಸ್ಕೊಂಡು ಒಂದು ಸುತ್ತು ಸಡಿಲಿಸಿ, ಮೇಲೆ ಲಾಕ್ ನಟ್ಟು ಹಾಕಿಸಿದೆ. ಅವನ ಮುಖ ಸಪ್ಪಗಾಯಿತು. ಡ್ರಾಯಿಂಗ್ ಬಿಚ್ಚಿ ಆ ಉದ್ದ ತೂತು ತೋರಿಸಿದ ಮೇಲೆ ಅವನೇ ಚಾಕು ತಂದು ಪೇಂಟು ಕೆರೆಯಲು ಕೂತ.