ಚೀಲಾನಾ, ಕ್ವಿಂಟಲಾ?

ಗಂಗಾವತಿಯಲ್ಲಿ ಭತ್ತದ ರೇಟು ಹೇಳುವುದು 75 ಕೆಜಿ ಚೀಲಕ್ಕೆ. ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ. ಕಾಟಾ ತೋರಿಸುವುದು ಕೆಜಿ. ಅಕ್ಕಿ ಮಿಲ್ಲು, ಅಡತಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆಯುವ ನಮಗೆ ಈ ಮೂರನ್ನು ಬೆರೆಯದಂತೆ ನೋಡಿಕೊಳ್ಳುವುದೇ ಅರ್ಧ ಕೆಲಸ.

ನಮ್ಮ ಹಳೆ ಕೋಡು ಸಿ ಶಾರ್ಪ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿತ್ತು, ಸುಮಾರು ಒಂದೂವರೆ ಲಕ್ಷ ಸಾಲು. ತೂಕ, ದರ, ಹಮಾಲಿ, ಕಡಿತ ಎಲ್ಲವೂ ಬರೀ ಡೆಸಿಮಲ್, ಅಂದರೆ ಅಳತೆಯ ಗುರುತಿಲ್ಲದ ದಶಮಾಂಶ ಸಂಖ್ಯೆ. ಯಾವುದು ಚೀಲ, ಯಾವುದು ಕ್ವಿಂಟಲ್ ಅಂತ ವೇರಿಯಬಲ್ ಹೆಸರು ನೋಡಿ ಊಹಿಸಬೇಕು. ಒಂದು ವೇರಿಯಬಲ್ ಹೆಸರು ‘ಕ್ವಾಂಟಿಟಿ2’. ಬರೆದವರು ಯಾವಾಗಲೋ ಕೆಲಸ ಬಿಟ್ಟಿದ್ದರು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. ನೀರು ಉಳಿಯುತ್ತಾ, ಬೆಳೆ ಬರುತ್ತಾ ಅನ್ನುವ ಚಿಂತೆಯಲ್ಲಿ ಹೊಸ ರಿಪೋರ್ಟ್ ಬೇಕು ಅಂತ ಯಾರೂ ಫೋನ್ ಮಾಡಲಿಲ್ಲ. ನಾವು ನಾಲ್ವರು ಎಫ್ ಶಾರ್ಪ್ ಅನ್ನುವ ಇನ್ನೊಂದು ಭಾಷೆಗೆ ಹೋಗೋಣ ಅಂತ ಕೂತು ಮಾತಾಡಿದ್ದು ಆ ದಿನಗಳಲ್ಲೇ.

ನನಗೆ ಹ್ಯಾಸ್ಕೆಲ್ ಭಾಷೆಯ ಮೇಲೆ ಆಸೆ ಇತ್ತು, ಸುಳ್ಳು ಹೇಳಲ್ಲ. ಆದರೆ ಎಫ್ ಶಾರ್ಪ್ ಕೂಡ ಸಿ ಶಾರ್ಪ್ ಓಡುವ ಡಾಟ್‌ನೆಟ್ ವೇದಿಕೆಯ ಮೇಲೆಯೇ ಓಡುತ್ತದೆ. ಹಳೆ ಕೋಡು ಹೊಸದನ್ನು ಕರೆಯಬಹುದು, ಹೊಸದು ಹಳೆಯದನ್ನು. ಸುಗ್ಗಿಯಲ್ಲಿ ಮಿಲ್ಲು ನಿಲ್ಲಿಸಿ ಅಂತ ಯಾರಿಗೆ ಹೇಳೋದು? ಇನ್ನೊಂದು ಕಾರಣ, ಅದರಲ್ಲಿ ಸಂಖ್ಯೆಗೇ ಅಳತೆ ಅಂಟಿಸಬಹುದು. ಕೆಜಿಗೆ ಚೀಲ ಕೂಡಿಸಿದರೆ ಕಂಪೈಲ್ ಆಗುವುದಿಲ್ಲ, ಅಂದರೆ ಕೋಡನ್ನು ಓಡುವ ಪ್ರೋಗ್ರಾಮಾಗಿ ಮಾರ್ಪಡಿಸುವ ಕಂಪೈಲರ್ ಅಲ್ಲೇ ತಡೆಯುತ್ತದೆ. ನಮಗೋಸ್ಕರವೇ ಮಾಡಿದಂತಿತ್ತು.

ಬಳಸುವವರಿಗೆ ಕಾಣುವ ಪರದೆಗಳನ್ನು ಮುಟ್ಟದೆ ಲೆಕ್ಕದ ಭಾಗವನ್ನಷ್ಟೇ ಮೊದಲು ಬರೆದೆವು. ಹಳೆಯ ಕಾಟಾ ಚೀಟಿಗಳನ್ನು ಎರಡೂ ಕೋಡಿಗೆ ಕೊಟ್ಟು ಉತ್ತರ ಹೋಲಿಸಿದೆವು. ನೂರಾರು ಪಟ್ಟಿಗಳಲ್ಲಿ ಒಂದು ರೂಪಾಯಿ ವ್ಯತ್ಯಾಸ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು. ಪೈಸೆ ತೆಗೆದು ಪೂರ್ಣ ಸಂಖ್ಯೆ ಮಾಡುವ ಡಾಟ್‌ನೆಟ್‌ನ ರೌಂಡ್ ಸುಮ್ನೆ ಕರೆದರೆ 2.5 ಅನ್ನು 2 ಮಾಡುತ್ತದೆ, 3.5 ಅನ್ನು 4 ಮಾಡುತ್ತದೆ. ಅರ್ಧ ಬಂದರೆ ಸಮಸಂಖ್ಯೆಯ ಕಡೆಗೆ ಹೋಗುತ್ತದೆ. ನಮ್ಮ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್‌ನ ರೌಂಡ್ 2.5 ಅನ್ನು 3 ಮಾಡುತ್ತದೆ. ಹಳೆ ಕೋಡು ಹಮಾಲಿಯನ್ನು ಡೇಟಾಬೇಸಿನಲ್ಲಿ, ಉಳಿದದ್ದನ್ನು ಸಿ ಶಾರ್ಪ್‌ನಲ್ಲಿ ರೌಂಡ್ ಮಾಡುತ್ತಿತ್ತು, ಹೊಸದು ಎಲ್ಲವನ್ನೂ ಡಾಟ್‌ನೆಟ್‌ನಲ್ಲೇ. ಯಾವುದು ಸರಿ? ಅಡತಿ ಅಂಗಡಿಯ ಹಿರಿಯ ಗುಮಾಸ್ತರನ್ನು ಕೇಳಿದೆ. “ಹಮಾಲರಿಗೆ ಎಂಟಾಣೆ ಬಂದ್ರ ಮ್ಯಾಲೆ ಹಾಕಿ ಕೊಡ್ತೀವಿ ತಮ್ಮಾ, ಅದ್ರಾಗೇನೈತಿ” ಅಂದರು. ‘ಕ್ವಾಂಟಿಟಿ2’ ಅಂದರೆ ವಾಪಸ್ ಬಂದ ಖಾಲಿ ಗೋಣಿಚೀಲ ಅಂತಲೂ ಅವರಿಂದಲೇ ತಿಳಿಯಿತು.

ಎಫ್ ಶಾರ್ಪ್‌ನಲ್ಲಿ ಫೈಲುಗಳ ಕ್ರಮವೂ ಮುಖ್ಯ. ಮೇಲಿನ ಫೈಲಿನಲ್ಲಿ ಇರುವುದನ್ನು ಮಾತ್ರ ಕೆಳಗಿನದು ಬಳಸಬಹುದು. ಮೊದಲ ತಿಂಗಳು ಎಲ್ಲರೂ ಬೈದೆವು. ಈಗ ಯಾವ ಲೆಕ್ಕ ಯಾವುದರ ಮೇಲೆ ನಿಂತಿದೆ ಅಂತ ನೋಡಲು ಆ ಫೈಲುಗಳ ಪಟ್ಟಿಯೇ ಸಾಕು.

ನಾವು ಎಡವಿದ್ದು ಬೇರೆ ಕಡೆ. ಲೆಕ್ಕ ಸರಿಬಂತು ಅಂತ ಧೈರ್ಯ ಬಂದು, ಕಾಟಾದ ಪರದೆಯನ್ನು ಹೊಸ ಲೆಕ್ಕಕ್ಕೆ ಜೋಡಿಸಿದೆವು. ಪರದೆ ಇನ್ನೂ ಸಿ ಶಾರ್ಪ್. ಮೊದಲ ವಾರವೇ ಆ ಗುಮಾಸ್ತರ ಫೋನ್: “ಇದು ಚೀಲದ ಲೆಕ್ಕಾನೋ, ಕ್ವಿಂಟಲ್ ಲೆಕ್ಕಾನೋ?”

ಒಬ್ಬ ರೈತರದ್ದು 9,000 ಕೆಜಿ, ಅಂದರೆ 120 ಚೀಲ. ಚೀಲಕ್ಕೆ 1,800 ರೂಪಾಯಿಯಂತೆ 2,16,000 ಬರಬೇಕು. ಪಟ್ಟಿಯಲ್ಲಿ ಬಂದದ್ದು 1,62,000. ಪರದೆ 90 ಕ್ವಿಂಟಲ್ ಕಳಿಸಿತ್ತು, ನಮ್ಮ ಲೆಕ್ಕ ಅದನ್ನು 90 ಚೀಲ ಅಂತ ತಗೊಂಡಿತ್ತು. 54,000 ರೂಪಾಯಿ ಕಡಿಮೆ! ಹಣ ಕೊಡುವ ಮುಂಚೆ ಕಣ್ಣಿಗೆ ಬಿತ್ತು, ಪುಣ್ಯ.

ಕಂಪೈಲರ್ ಯಾಕೆ ಹಿಡಿಯಲಿಲ್ಲ? ಎಫ್ ಶಾರ್ಪ್‌ನ ಅಳತೆಗಳು ಕಂಪೈಲ್ ಆಗುವವರೆಗೆ ಮಾತ್ರ ಇರುತ್ತವೆ, ಆಮೇಲೆ ಅಳಿಸಿಹೋಗುತ್ತವೆ. ಸಿ ಶಾರ್ಪ್‌ಗೆ ಕಾಣುವುದು ಮತ್ತದೇ ಬರೀ ಡೆಸಿಮಲ್. ಇದು ದಾಖಲೆಗಳಲ್ಲಿ ಸ್ಪಷ್ಟವಾಗಿ ಬರೆದಿದೆ, ನಾನು ಓದಿಯೂ ಇದ್ದೆ. ಎರಡು ಭಾಷೆ ಸೇರುವ ಗಡಿಯಲ್ಲಿ ಅದರ ಅರ್ಥ ಏನು ಅಂತ ಯೋಚಿಸಿರಲಿಲ್ಲ. ಹೋಲಿಕೆಯಲ್ಲೂ ಸಿಗಲಿಲ್ಲ, ಹಳೆ ಚೀಟಿಗಳೆಲ್ಲ ಡೇಟಾಬೇಸಿನಿಂದ ಕೆಜಿಯಲ್ಲೇ ಬಂದಿದ್ದವು. ಪರದೆಯ ದಾರಿ ಹಿಡಿದು ಒಂದೂ ಬಂದಿರಲಿಲ್ಲ.

ಗಡಿಯಲ್ಲಿ ಬರೀ ಸಂಖ್ಯೆ ತಗೊಳ್ಳುವುದನ್ನೇ ನಿಲ್ಲಿಸಿದೆವು. ಚೀಲ, ಕ್ವಿಂಟಲ್, ಕೆಜಿ ಮೂರಕ್ಕೂ ಸಿ ಶಾರ್ಪ್‌ಗೂ ಕಾಣುವ ಬೇರೆ ಬೇರೆ ಟೈಪು (ಡೇಟಾದ ಬಗೆ) ಮಾಡಿದೆವು. ಪರದೆ ಈಗ ಕೆಜಿಯನ್ನಷ್ಟೇ ಕೊಡಬಹುದು, ಚೀಲ ಮಾಡುವುದು ಒಳಗೆ, ಒಂದೇ ಜಾಗದಲ್ಲಿ. ಕೋಡು ಸ್ವಲ್ಪ ಜಾಸ್ತಿ ಆಯಿತು. ಪರವಾಗಿಲ್ಲ.

ಪರದೆಗಳು ಇವತ್ತಿಗೂ ಸಿ ಶಾರ್ಪ್‌ನಲ್ಲೇ ಇವೆ. ಬದಲಾಯಿಸುವ ಯೋಚನೆಯೂ ಇಲ್ಲ. ತೌಡು, ನುಚ್ಚಿನ ಮಾರಾಟದ ಲೆಕ್ಕ ಇನ್ನೂ ಹಳೆ ಕೋಡಿನಲ್ಲಿದೆ. ಅದನ್ನು ಮುಟ್ಟುವ ಮುಂಚೆ ಗುಮಾಸ್ತರ ಪಕ್ಕ ಒಂದು ದಿನ ಕೂರುತ್ತೇನೆ ಅಂತ ಹೇಳಿಟ್ಟಿದ್ದೇನೆ.